ಬಿಸಿಲಿಗೆ ಕಟ್ಟಿದ ಚೀಲ

ನಾವು ಹಿಮಾಲಯದ ಚಾರಣಕ್ಕೆ ಹೊರಡಬೇಕಾಗಿದ್ದುದು ಮೇ ತಿಂಗಳ ಒಂದು ಸೋಮವಾರ. ಹಿಂದಿನ ದಿನ ಕಮಲಾಪುರದ ಅತ್ತೆಯ ಮನೆಯಲ್ಲಿದ್ದೆ. ಅತ್ತೆಯ ಮಗಳೂ ನನ್ನ ಜೊತೆ ಬರುವವಳಿದ್ದಳು. ಅಪ್ಪ ಅಮ್ಮನನ್ನು ಬಿಟ್ಟು ಅಷ್ಟು ದೂರ ಹೋಗುವುದು ಅವಳಿಗೆ ಅದೇ ಮೊದಲು. ಮಾವ ಒಪ್ಪಿದ್ದು ನನ್ನ ಮಾತಿನ ಮೇಲೆ. “ತಯಾರಿ ಎಲ್ಲಾ ಆಗೇದ್ರೀ ಮಾವಾ, ಚಿಂತಿ ಮಾಡಬ್ಯಾಡ್ರಿ” ಎಂದು ಫೋನಿನಲ್ಲಿ ಹೇಳಿದ್ದೆ.

ಅದು ಸುಳ್ಳೆಂದು ನನಗೆ ಅನಿಸಿರಲಿಲ್ಲ. ಮಾರ್ಚಿನಿಂದ ದಿನವೂ ಶಹಾಬಜಾರದ ನಮ್ಮ ಮನೆಯಿಂದ ಕೋಟೆಗೆ ನಡೆದು ಸುತ್ತು ಹಾಕಿ, ತಾರೀಖಿನ ಮುಂದೆ ಸುತ್ತಿನ ಲೆಕ್ಕ ಬರೆಯುತ್ತಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡು ಮಾತ್ರ ಒಂದು ಸುತ್ತೂ ನಡೆದಿರಲಿಲ್ಲ. ಹಿಮದ ಬೂಟು, ದಪ್ಪ ಜಾಕೆಟ್ಟು ತನ್ನಿರೆಂದು ತಂಡದ ನಾಯಕರು ಬರೆದಿದ್ದರು. ಕಲಬುರಗಿಯ ಬಿಸಿಲಲ್ಲಿ ಕೂತು ಓದಿದವಳಿಗೆ ಅದೆಲ್ಲ ಅತಿಯಾಯಿತು ಅನಿಸಿತು. ಇಬ್ಬರ ಸಾಮಾನನ್ನೂ ನನಗೆ ತಿಳಿದಂತೆ ನಾನೇ ಕಟ್ಟಿದೆ.

ಮಧ್ಯಾಹ್ನ ಓಣಿಯ ಹೆಂಗಸರು ದಾರಿಬುತ್ತಿ ಕೊಡಲು ಬಂದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಬಾಳೆಹಣ್ಣು. ಆಗಲೇ ನಾಯಕರ ವಿಡಿಯೊ ಕರೆ ಬಂತು. ಎಲ್ಲರ ಚೀಲವನ್ನೂ ನೋಡಬೇಕಂತೆ. ಪಡಸಾಲೆಯಲ್ಲೇ ಬಿಚ್ಚಿದೆ. ಹತ್ತಿಯ ಓಢಣಿಗಳು, ಟೊಪ್ಪಿಗೆಗಳು, ಶರಬತ್ತಿನ ಪುಡಿ, ಬಿಸಿಲು ಬಡಿಯದಂತೆ ಜೇಬಿನಲ್ಲಿಟ್ಟುಕೊಳ್ಳಲು ಉಳ್ಳಾಗಡ್ಡಿ. ತಳದಲ್ಲಿ ಎರಡು ತೆಳು ಸ್ವೆಟರು.

“ಬೂಟು ಎಲ್ಲದಾವ್ರೀ?” ನಾಯಕರು ಹುಬ್ಬಳ್ಳಿಯವರು. ಕ್ಯಾನ್ವಾಸ್ ಶೂ ತೋರಿಸಿದೆ.

“ಇವನ್ನ ಹಾಕ್ಕೊಂಡು ಹಿಮದಾಗ ನಡದ್ರ ಬೆರಳು ಹೋಗ್ತಾವ. ನಿಮ್ಮಿಬ್ಬರನ್ನ ಈ ಸಲ ಕರಕೊಂಡು ಹೋಗಂಗಿಲ್ಲ. ಸೆಪ್ಟೆಂಬರದಾಗ ಬರ್ರಿ.”

“ಈಗಿಂದೀಗ ತರ್ತೀನ್ರೀ.”

“ಹೊಸಾ ಬೂಟು ಕಾಲಿಗೆ ಹೊಂದಾಕ ವಾರಗಟ್ಟಲೆ ಬೇಕ್ರೀ.”

ಕರೆ ಮುಗಿಯಿತು. ಪಕ್ಕದ ಮನೆಯ ಚಿಗವ್ವ ಚೀಲದೊಳಗೆ ಇಣುಕಿದಳು. “ಹಿಮದಾಗ ಉಳ್ಳಾಗಡ್ಡಿ ಯಾಕ ಬೇ, ಭಜಿ ಕರಿಯಾಕೇನು?” ಎಲ್ಲರೂ ನಕ್ಕರು. ಏನು ಮಾಡುವುದೆಂದು ತಿಳಿಯದೆ ನಾನೂ ನಕ್ಕೆ. ಅತ್ತೆಯ ಮಗಳು ನಗಲಿಲ್ಲ.

“ನಿನಗ ಗೊತ್ತಿಲ್ಲಂದಿದ್ರ ನಾನ ನಾಯಕರನ್ನ ಕೇಳ್ತಿದ್ನಲ್ಲಕ್ಕಾ” ಎಂದಳು. “ಅಪ್ಪ ಇನ್ನೊಮ್ಮೆ ಬಿಡ್ತಾನೇನು?”

ತಂದ ಬುತ್ತಿಯನ್ನು ತಿರುಗಿ ಒಯ್ಯುವುದು ಸರಿಯಲ್ಲವೆಂದು ಹೆಂಗಸರು ಅಲ್ಲೇ ಇಟ್ಟು ಹೋದರು. ರಾತ್ರಿ ಊಟಕ್ಕೆ ಅತ್ತೆ ಅದನ್ನೇ ಬಡಿಸಿದರು. ರೊಟ್ಟಿ ಮುರಿಯುವ ಮೊದಲೇ ಮಾವನಿಗೆ ನಡೆದದ್ದನ್ನೆಲ್ಲ ಹೇಳಿದೆ.

“ತಪ್ಪು ನಂದ್ರೀ ಮಾವಾ. ಅವರು ಬರದಿದ್ದು ಓದಿದ್ದೆ, ಓದಿನೂ ತರಲಿಲ್ಲ. ಅದಕ್ಕ ಅಕಿನ್ನ ತಡೀಬ್ಯಾಡ್ರಿ.”

ಬೈದಿದ್ದರೆ ಹಗುರವಾಗುತ್ತಿತ್ತು. ಮಾವ ಮನೆಗೆ ಬಂದ ಬೀಗರೊಡನೆ ಮಾತಾಡುವಷ್ಟು ಮೆತ್ತಗೆ ಹೇಳಿದರು: “ಸೆಪ್ಟೆಂಬರದಾಗ ಹೋಗ್ರಿ. ಆದ್ರ ತಯಾರಿ ಅಕಿ ಮಾಡ್ಲಿ. ನೀ ಅಕಿ ಹೇಳ್ದಂಗ ಕೇಳು.”

ಅವಳು ಕೂಡಲೇ ಕೈ ತೊಳೆದು ಬಂದು ನಾಯಕರ ನಂಬರು ಕೇಳಿದಳು. ಒಂದೊಂದೇ ಅಂಕಿ ಹೇಳಿದೆ. ಬರೆದುಕೊಂಡವಳು, ನನ್ನ ಫೋನನ್ನೇ ಇಸಿದುಕೊಂಡು, ನಾನು ಹೇಳಿದ್ದು ಸರಿಯೋ ಇಲ್ಲವೋ ಎಂದು ತಾಳೆ ನೋಡಿದಳು.