ದೂರದ ಹೊಲದ ನಕ್ಷತ್ರಗಳು

ತಮಿಳುನಾಡಿನ ಗಡಿಯೂರು ಗುಮ್ಮಳಾಪುರದ ಚಿನ್ನಪ್ಪನವರ ಮಗಳು ಚಂದ್ರಲೇಖಾ ಕೃಷ್ಣಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಉಳಿದ ಹೊತ್ತಿನಲ್ಲಿ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅವುಗಳಲ್ಲಿ ಕಬ್ಬಿಣ ಎಷ್ಟಿದೆಯೆಂದು ಅಳೆಯುತ್ತಾಳೆ. ತನ್ನ ಕೆಲಸವೇನೆಂದು ಅಪ್ಪನಿಗೆ ಒಮ್ಮೆಯಾದರೂ ತಿಳಿಯಬೇಕೆಂಬುದು ಅವಳ ಹಟ. ತಮಿಳಿನಲ್ಲಿ ಪಾಠ ಹೇಳುತ್ತಿದ್ದಳು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿದ್ದಳು. ಮನೆಯ ಜಗಲಿಯ ಮೇಲೆ ಮಾತ್ರ ಸೋಲುತ್ತಿದ್ದಳು. ಫೋನಿನಲ್ಲಿ ಚಿತ್ರ ತೋರಿಸಿದರೆ ಚಿನ್ನಪ್ಪನವರು "ಚೆಂದಾಗದೆ" ಎಂದು ಫೋನು ಹಿಂದಕ್ಕೆ ಕೊಡುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಯುಗಾದಿಗೆ ಊರಿಗೆ ಬಂದಾಗ ಕೊನೆಗೆ ಹೋಲಿಕೆಗೆ ತಿಪ್ಪೆಯನ್ನೇ ಹಿಡಿದಳು.

"ಅಪ್ಪಾ, ತಿಪ್ಪೆಗೊಬ್ಬರ ಯಾವ ಹೊಲಕ್ಕೆ ಹೋಗ್ತದೆ?"

"ಊರ ಮಗ್ಗುಲ ಹೊಲಕ್ಕೆ. ದೂರದ ಹೊಲಕ್ಕೆ ಯಾರ್ ಹೊರ್ತಾರೆ?"

"ನಮ್ಮ ಗ್ಯಾಲಕ್ಸಿನೂ ಹಂಗೇ. ನಕ್ಷತ್ರ ಸಾಯೋವಾಗ ಒಳಗೆ ಬೆಂದ ಕಬ್ಬಿಣ ಗಿಬ್ಬಿಣ ಎಲ್ಲ ಚೆಲ್ತದೆ. ಅದೇ ಗೊಬ್ಬರ. ನಡುವೆ ನಕ್ಷತ್ರ ದಟ್ಟ, ಗೊಬ್ಬರ ಹೆಚ್ಚು. ಸುತ್ತ ಹಾಲೋ ಅಂತ ದೂರದ ಬಯಲು. ಅಲ್ಲಿರೋವು ಗೊಬ್ಬರ ಸರಿಯಾಗಿ ಕಾಣದೆ ಹುಟ್ಟಿದ ಹಳೇ ನಕ್ಷತ್ರ. ಆ ಬಯಲು ಕಾಲಕಾಲಕ್ಕೆ ಹೆಂಗೆ ಬದಲಾಯ್ತು ಅಂತ ನೋಡೋದೇ ನನ್ ಕೆಲಸ."

ಚಿನ್ನಪ್ಪನವರು ತಲೆಯಾಡಿಸಿದರು. ಅವಳಿಗೆ ಅದೇ ಹಬ್ಬವಾಯಿತು.

ಮರುದಿನ ಬೆಳಿಗ್ಗೆ ಪಕ್ಕದ ಹೊಲದ ತಿಮ್ಮರಾಜು ಒಂದು ಚೀಲ ಮಣ್ಣು ತಂದು ಜಗಲಿಯ ಮೇಲಿಟ್ಟರು. "ಮಣ್ಣು ಪರೀಕ್ಷೆ ಮಾಡ್ತೀಯಂತಲ್ಲವ್ವ, ನಿಮ್ಮಪ್ಪ ಊರಿಗೆಲ್ಲ ಹೇಳ್ತಾ ಅವ್ನೆ. ನನ್ ಟೊಮೇಟೊ ಎಲೆ ಮುದುರ್ತಾ ಅದೆ." ಅವರ ಹಿಂದೆಯೇ ಎದುರು ಮನೆಯ ವರಲಕ್ಷ್ಮಿ ತನ್ನ ಗುಲಾಬಿ ತೋಟದ ಮಣ್ಣನ್ನು ಟಿಫಿನ್ ಡಬ್ಬಿಯಲ್ಲಿ ತಂದಳು.

"ಚಿಕ್ಕಪ್ಪಾ, ನಾನು ನೋಡೋದು ಆಕಾಶದ್ದು."

"ಆಕಾಶದ್ದೇ ಗೊತ್ತಾಗೋಳಿಗೆ ಕಾಲಡಿದು ಗೊತ್ತಾಗಲ್ವಾ?"

ಚಂದ್ರಲೇಖಾ ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಮತ್ತೆ ಹೊರಗೆ ಬಂದಳು. "ಅಪ್ಪಾ, ನಾನು ನಿನ್ನೆ ಹೇಳಿದ್ದು ಇದಾ?"

ಚಿನ್ನಪ್ಪನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. "ಊರೋರು ಕೇಳಿದ್ರು, ಬಾಯಿಗ್ ಬಂದಂಗೆ ಹೇಳ್ದೆ. ಅದಿರ್ಲಿ, ನಂಗೊಂದು ಅನುಮಾನ. ದೂರದ ಹೊಲಕ್ಕೆ ತಿಪ್ಪೆ ಹೊರಲ್ಲ, ನಿಜ. ಆದ್ರೆ ಹೊರಗಿಂದ ಬಂದ ಕುರಿ ಮಂದೇನ ರಾತ್ರಿ ಅಲ್ಲಿ ನಿಲ್ಲಿಸ್ತೀವಲ್ಲ, ಹಿಕ್ಕೆ ಬಿದ್ದು ಗೊಬ್ಬರ ಆಗ್ಲಿ ಅಂತ. ನಿನ್ ಬಯಲಿಗೆ ಹಂಗೆ ಯಾರೂ ಬರಲ್ವಾ?"

ಹೊರಗಿನಿಂದ ಬಂದು ಹಾಲೋದಲ್ಲಿ ಚದುರಿಹೋದ ಪುಟ್ಟ ಗ್ಯಾಲಕ್ಸಿಗಳ ವಿಷಯವನ್ನು ಅವಳು ನಿನ್ನೆ ಎತ್ತಿರಲೇ ಇಲ್ಲ.

"ಬರ್ತವೆ" ಎಂದಳು. ಮಣ್ಣಿನ ಚೀಲವನ್ನು ಸರಿಸಿ ಅಪ್ಪನ ಪಕ್ಕ ಕುಳಿತಳು.

"ಮೊದ್ಲು ನನ್ ಟೊಮೇಟೊ ನೋಡವ್ವ" ಎಂದರು ತಿಮ್ಮರಾಜು.

"ಸುಮ್ನಿರ್ಲಾ ತಿಮ್ಮ" ಎಂದರು ಚಿನ್ನಪ್ಪನವರು. "ಮಂದೆ ವಿಷ್ಯ ಮುಗೀಲಿ."