ಒರೆಗೆ ಒರೆ ತಾಗಿದ ಮೇಲೆ

ಕುರೆಸಾವಾ ಪೇಟೆಯ ಮರದ ಸೇತುವೆಯ ಮೇಲೆ ಹಾವುಮೀನು ಸುಡುವ ಘಮ ಬಂತೆಂದು ಯೊಗೊರೊ ಗರಕ್ಕನೆ ತಿರುಗಿದ. ಮೂಗು ತಿರುಗಿದ ಕಡೆ ಮೈ ತಿರುಗಿತು, ಮೈಯ ಜೊತೆಗೆ ಸೊಂಟದ ಉದ್ದ ಖಡ್ಗವೂ ತಿರುಗಿತು. ಸಂಸ್ಥಾನದ ದಫ್ತರದಲ್ಲಿ ಇಪ್ಪತ್ತು ವರ್ಷ ನಕಲು ಬರೆದ ಅವನಿಗೆ ಆ ಖಡ್ಗ ಒಂದು ಬಾಲವಿದ್ದಂತೆ. ಇದೆಯೆಂದು ನೆನಪಾಗುವುದು ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಮಾತ್ರ.

'ಟಕ್' ಎಂದಿತು.

ಅವನ ಒರೆ ಇನ್ನೊಬ್ಬರ ಒರೆಗೆ ಬಡಿದಿತ್ತು. ತೋಫು ಮಾರುವವನು ಹೆಗಲ ಕಾವಡಿ ಇಳಿಸಿ, ನೋಡಲು ಅನುಕೂಲವಾದ ಜಾಗ ಹಿಡಿದ. ಎಡ ಸೊಂಟದ ಒರೆಗಳು ಹೀಗೆ ತಾಗಬಾರದೆಂದೇ ಸಮುರಾಯ್ ಆದವನು ಎಡಬದಿ ಹಿಡಿದು ನಡೆಯುವುದು. ಒರೆಗೆ ಒರೆ ತಾಗಿಸುವುದೆಂದರೆ ಕೆನ್ನೆಗೆ ಹೊಡೆದಂತೆ. ಹೊಡೆಸಿಕೊಂಡವನು ಸುಮ್ಮನಿದ್ದರೆ ಹೇಡಿ. ಇಬ್ಬರೂ ಖಡ್ಗ ಹಿರಿದರೆ ಒಬ್ಬ ಅಲ್ಲೇ ಸಾಯಬೇಕು, ಉಳಿದವನು ಮನೆಗೆ ಹೋಗಿ ಹೊಟ್ಟೆ ಸೀಳಿಕೊಳ್ಳಬೇಕು. ಎರಡು ಮನೆಯ ಒಲೆಯೂ ಆರಿತೆಂದೇ ಲೆಕ್ಕ.

ಎದುರಿಗಿದ್ದವರು ಮಿನೊಬೆ ಕಾನ್ಬೆ, ಕೋಟೆಯ ಬಡಗಣ ಬಾಗಿಲಿನ ಕಾವಲುಗಾರ. ಅರವತ್ತು ದಾಟಿದ ಒಣಕಲು ಮನುಷ್ಯ. ಎರಡೂ ಕೈಯಲ್ಲಿ ತಬ್ಬಿ ಹಿಡಿದದ್ದು ಮುಂಜಾವಿನ ಹೂಬಳ್ಳಿಯ ಒಂದು ಕುಂಡ.

ಅವರು ಮೊದಲು ಬಳ್ಳಿ ನೋಡಿದರು. ಆಮೇಲೆ ಒರೆ. ಕೊನೆಗೆ ಯೊಗೊರೊನನ್ನು.

"ಈಗ ಕೈ ಬಿಡುವಿಲ್ಲ. ನಾಡಿದ್ದು ಮನೆಗೆ ಬನ್ನಿ" ಎಂದು ಹೇಳಿ ಹೊರಟುಹೋದರು.

ಯೊಗೊರೊ ಕ್ಷಮೆ ಕೇಳಬೇಕಿತ್ತು. ಬಾಯಿ ತೆರೆದದ್ದೇನೋ ನಿಜ; ತುಂಬ ಹೊತ್ತು ತೆರೆದೇ ಇತ್ತು.

ಮನೆಯಲ್ಲಿ ಹೆಂಡತಿ ಓಕಿನು ಸುದ್ದಿ ಕೇಳಿ ಅಳಲಿಲ್ಲ. "ಮೊದ್ಲು ಆ ಖಡ್ಗ ಹೊರಗೆ ಬರ್ತದಾ ನೋಡ್ರಿ" ಎಂದಳು.

ಬರಲಿಲ್ಲ. ಅವನು ಹಿಡಿ ಎಳೆದ, ಅವಳು ಒರೆ ಎಳೆದಳು. ಮೂರನೆಯ ಸಲಕ್ಕೆ ಇಬ್ಬರೂ ಒಂದೊಂದು ದಿಕ್ಕಿಗೆ ಬಿದ್ದರು. ತುಕ್ಕು ಹಿಡಿದ ಅಲಗನ್ನು ನೋಡಿ ಓಕಿನು, "ಇದ್ರಿಂದ ಸತ್ತೋನು ಗಾಯಕ್ಕೆ ಸಾಯಲ್ಲ, ನಂಜಿಗೆ ಸಾಯ್ತಾನೆ" ಎಂದಳು. ಅಳು ಬಂದದ್ದು ಆಮೇಲೆ, ಒಲೆಯ ಕಡೆ ಮುಖ ಮಾಡಿ ಕೂತಾಗ.

ಮರುದಿನ ಯೊಗೊರೊ ದಫ್ತರಕ್ಕೆ ಹೋಗಿ ಹಳೆಯ ಚಾಕರಿ ಕಡತ ಬಿಚ್ಚಿದ. ತನ್ನನ್ನು ಕೊಲ್ಲುವವರು ಎಂಥವರೆಂದು ತಿಳಿದುಕೊಳ್ಳುವ ಹಕ್ಕು ಮನುಷ್ಯನಿಗೆ ಇರಬೇಕಲ್ಲ. ಓದುತ್ತ ಓದುತ್ತ ಭಯ ಹಿಂದಾಗಿ ಕುತೂಹಲವೇ ಮುಂದಾಯಿತು.

ಕಾನ್ಬೆ ಹದಿನೇಳನೆಯ ವಯಸ್ಸಿಗೆ ಸತ್ತ ತಂದೆಯ ಜಾಗದಲ್ಲಿ ಬಡಗಣ ಬಾಗಿಲಿಗೆ ನಿಂತವರು. ನಿಂತು ನಲವತ್ತೈದು ವರ್ಷ. ಆ ಬಾಗಿಲಿನ ಆಚೆ ಇರುವುದು ಜೌಗು ಮತ್ತು ಕಪ್ಪೆ. ಅಷ್ಟು ವರ್ಷದಲ್ಲಿ ಶತ್ರು ಬಂದಿಲ್ಲ, ಮಿತ್ರನೂ ಬಂದಿಲ್ಲ. ಒಮ್ಮೆ ಮಾತ್ರ ದೊರೆಯ ಚಿಕ್ಕಪ್ಪ ಬೇಟೆ ಮುಗಿಸಿ ಆ ದಾರಿಯಲ್ಲಿ ಬಂದರು. ಪರವಾನಗಿಯ ಮರದ ಬಿಲ್ಲೆ ಇಲ್ಲವೆಂದು ಕಾನ್ಬೆ ಅವರನ್ನು ಹಿಮದಲ್ಲಿ ಒಂದು ತಾಸು ನಿಲ್ಲಿಸಿದರು. ಅದಕ್ಕೆ ಒಂದೇ ದಿನ ಎರಡು ಆಜ್ಞೆ ಬಂದಿದ್ದವು. ಬೆಳಗ್ಗೆ ಉದ್ಧಟತನಕ್ಕೆ ಛೀಮಾರಿ, ಮಧ್ಯಾಹ್ನ ಕರ್ತವ್ಯನಿಷ್ಠೆಗೆ ಒಂದು ಜೊತೆ ಹುಲ್ಲಿನ ಚಪ್ಪಲಿ. ಇನ್ನೊಮ್ಮೆ ದೊರೆಯ ಮೆರವಣಿಗೆಯಲ್ಲಿ ಗರಿಯ ಈಟಿ ಹೊತ್ತು ಹತ್ತೊಂಬತ್ತು ದಿನ ನಡೆದು ಎಡೊ ನಗರಕ್ಕೆ ಹೋಗಿದ್ದರು. ಬಂದ ಮೇಲೆ ಎಲ್ಲರೂ ಎಡೊ ಹೇಗಿದೆ ಎಂದು ಕೇಳಿದರಂತೆ. "ಮುಂದಿದ್ದೋನ ಬೆನ್ನು ಅಗಲವಾಗಿತ್ತು" ಎಂದರಂತೆ ಕಾನ್ಬೆ.

ಆದರೆ ಕಾನ್ಬೆ ಯಾರನ್ನಾದರೂ ಕಡಿದಿದ್ದಾರೆಯೇ ಎಂಬುದು ಕಡತದಲ್ಲಿ ಇರಲಿಲ್ಲ. ಸಂಜೆ ತೋಫು ಮಾರುವವನನ್ನು ಕೇಳಿದ.

"ಮೂರು ಜನ" ಎಂದ ಅವನು, ಕಣ್ಣಾರೆ ಕಂಡವನ ಹಾಗೆ. "ನಾಳೆ ಎಷ್ಟೊತ್ತಿಗೆ ಸ್ವಾಮಿ? ವ್ಯಾಪಾರ ಮುಗಿಸಿ ಬರಬೇಕು, ಅದಕ್ಕೆ ಕೇಳ್ದೆ."

ಮೂರನೆಯ ಬೆಳಗ್ಗೆ ಯೊಗೊರೊ ಮಡಿ ಬಟ್ಟೆಯುಟ್ಟು, ಓಕಿನು ಬಡಿಸಿದ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಹೊರಟ. ಕಾವಲುಗಾರರ ಸಾಲುಮನೆಯಲ್ಲಿ ಕಾನ್ಬೆಯವರದು ಕೊನೆಯದು. ಬಾಗಿಲು ಸರಿಸಿದವರು ಅವರ ಹೆಂಡತಿ ಓತಾಮಿ. ಎರಡು ಕೈಗೂ ಅಂಟು ಮೆತ್ತಿತ್ತು.

"ಮುಂಬಾಗಿಲಿಗೆ ಬರೋರು ಕಾದಾಡೋಕೆ, ಹಿಂಬಾಗಿಲಿಗೆ ಬರೋರು ಛತ್ರಿಗೆ. ನೀವ್ಯಾವುದಕ್ಕಪ್ಪ?"

"ಮುಂಬಾಗಿಲಿಗೇ ತಾಯಿ" ಎಂದ ಯೊಗೊರೊ, ತೊದಲುತ್ತ.

"ಹಾಗಾದ್ರೆ ಸ್ವಲ್ಪ ಕೂತ್ಕೊಳ್ಳಿ. ಅವರು ಈಗ ಎದ್ರೆ ಕಾಗದ ಮುದುರಿಹೋಗ್ತದೆ."

ಒಳಗೆ ಬಿದಿರಿನ ಅಸ್ಥಿಪಂಜರಗಳ ನಡುವೆ ಕಾನ್ಬೆ ಅಂಗಿಯ ತೋಳು ಮೇಲಕ್ಕೆ ಕಟ್ಟಿಕೊಂಡು ಛತ್ರಿಗೆ ಕಾಗದ ಅಂಟಿಸುತ್ತಿದ್ದರು. ಕಾವಲುಗಾರರ ಸಾಲಿನಲ್ಲಿ ಈ ಕೆಲಸ ಮಾಡದ ಮನೆಯಿಲ್ಲ, ಮಾಡುತ್ತೇವೆಂದು ಒಪ್ಪುವ ಮನೆಯೂ ಇಲ್ಲ. ಯೊಗೊರೊ ಚಾಪೆಗೆ ಹಣೆಯಿಟ್ಟು, ಸೇತುವೆಯ ಮೇಲೆ ಬಾಯಿಗೆ ಬಾರದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಅಲ್ಲೇ ಹೇಳಿದ್ರೆ ಅಲ್ಲಿಗೇ ಮುಗೀತಿತ್ತು" ಎಂದರು ಕಾನ್ಬೆ. "ಈಗ ಊರಿಗೆಲ್ಲ ಗೊತ್ತಾಗಿದೆ. ಬಿಟ್ರೆ ಮುದುಕ ಹೆದರಿದ ಅಂತಾರೆ. ಕಡಿದ್ರೆ ನಿಮ್ಮ ಮನೆಯಾಕೆಗೆ ಏನು ಹೇಳ್ಲಿ? ಆ ಕಡೆ ಅಂಚು ಹಿಡ್ಕೊಳ್ಳಿ."

ಯೊಗೊರೊ ಕಾಗದದ ಅಂಚು ಹಿಡಿದ. ಹಿಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಸಾಯುವ ಮುಂಚೆ ಇದೊಂದು ಗೊತ್ತಾಗಲಿ ಎನ್ನಿಸಿತು.

"ಮಿನೊಬೆಯವರೇ, ತಾವು... ಯಾರನ್ನಾದರೂ ಕಡಿದದ್ದುಂಟೇ?"

"ಪೇಟೆಯಲ್ಲಿ ಎಷ್ಟು ಅಂತಾರೆ?"

"ಮೂರು."

"ಹೋದ ವರ್ಷ ನಾಲ್ಕಿತ್ತು" ಎಂದರು ಕಾನ್ಬೆ. "ವಯಸ್ಸಾಯ್ತಲ್ಲ."

ಓತಾಮಿ ಅಂಟಿನ ಬೋಗುಣಿಯೊಳಗೆ ಮುಖವಿಟ್ಟು ನಕ್ಕರು. ಯೊಗೊರೊಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಿಡಿದ ಅಂಚು ಮಾತ್ರ ಬೆರಳಿನಿಂದ ಜಾರಿತು.

"ಕೈ ಗಟ್ಟಿ ಇರಲಿ" ಎಂದರು ಕಾನ್ಬೆ. "ಸಂಸ್ಥಾನದ ಹಿರಿಯರ ಅಪ್ಪಣೆಯಿಲ್ಲದೆ ಪೇಟೆಯೊಳಗೆ ಖಡ್ಗ ಹಿರಿಯಬಾರದು ಅಂತ ಕಟ್ಟಳೆ ಇದೆ, ಗೊತ್ತೋ ಇಲ್ವೋ?"

ಆ ಕಟ್ಟಳೆಯನ್ನು ಯೊಗೊರೊ ಸ್ವಂತ ಕೈಯಿಂದ ಮೂರು ಸಲ ನಕಲು ಮಾಡಿದ್ದ. ಒಂದು ಸಲವೂ ಓದಿರಲಿಲ್ಲ.

"ಗೊತ್ತು" ಎಂದ.

"ಅದಕ್ಕೇ ಕ್ರಮವಾಗಿ ಅರ್ಜಿ ಹಾಕಿದೀನಿ. ಹೀಗೆ ಹೀಗೆ ಅವಮಾನ ಆಯ್ತು, ಕಾದಾಟಕ್ಕೆ ಅಪ್ಪಣೆ ಆಗಬೇಕು ಅಂತ. ಪೇಟೆಯವರಿಗೂ ಹೇಳಿದೀನಿ. ಇನ್ನು ಯಾರೂ ನನ್ನ ಹೇಡಿ ಅನ್ನೋ ಹಾಗಿಲ್ಲ, ಅಪ್ಪಣೆ ಇಲ್ಲದೆ ಖಡ್ಗ ಮುಟ್ಟಿದ್ರೆ ನೀವೂ ಅಪರಾಧಿ."

ಯೊಗೊರೊ ತಲೆಯೆತ್ತಿದ. "ಅರ್ಜಿ ಎಲ್ಲಿಗೆ ಕೊಟ್ಟಿರಿ?"

"ಇನ್ನೆಲ್ಲಿಗೆ? ನಿಮ್ಮ ದಫ್ತರಕ್ಕೇ. ನಿನ್ನೆ ಪಕ್ಕದ ಮನೆಯವನ ಕೈಲಿ ಕಳಿಸಿದ್ದೆ. ನೀವು ಅದೇನೋ ಹಳೇ ಕಡತ ಓದ್ತಾ ಇದ್ರಂತೆ. ತಲೆ ಎತ್ತದೆ ಇಸ್ಕೊಂಡು ಗುಡ್ಡೆ ಅಡಿಗೆ ತಳ್ಳಿದ್ರಂತೆ."

ಹೌದು, ತಳ್ಳಿದ್ದ. ಹೊಸ ಕಾಗದ ಅಡಿಗೆ ಹೋಗಬೇಕು, ಮೇಲಿನದು ಮೊದಲು ತೀರಬೇಕು. ದಫ್ತರ ಹುಟ್ಟಿದಾಗಿನಿಂದ ನಡೆದುಬಂದ ಪದ್ಧತಿ ಅದು. ಮೇಲಿನದು ತೀರಿದ್ದನ್ನು ಮಾತ್ರ ಅವನು ಕಂಡಿರಲಿಲ್ಲ.

"ಹಾಗಾದರೆ" ಎಂದ ಯೊಗೊರೊ, ಮೆಲ್ಲಗೆ ಉಸಿರು ಬಿಟ್ಟು, "ಅಪ್ಪಣೆ ಯಾವಾಗ ಬರಬಹುದು ಅಂತೀರಿ?"

ಕಾನ್ಬೆ ಕಾಗದದ ಸುಕ್ಕನ್ನು ಹೆಬ್ಬೆರಳಿನಿಂದ ತೀಡಿದರು.

"ಕಾವಲುಮನೆ ಸೂರು ಸೋರ್ತದೆ, ಒಂದು ಹಿಡಿ ಹುಲ್ಲು ಹೊದಿಸಿಕೊಡಿ ಅಂತ ನಾನು ಅರ್ಜಿ ಕೊಟ್ಟು ಹತ್ತೊಂಬತ್ತು ವರ್ಷ ಆಯ್ತು. ಸರದಿ ತಪ್ಪಿಸೋದು ಬೇಡ. ಅದಾದ್ಮೇಲೆ ಇದು."