ಅತ್ತೆ ಎಚ್ಚರವಿದ್ದರೆ ಮಾತ್ರ ಪೆನ್ನು

ಹಾಲಿನ ಗಾಡಿ ಇನ್ನೂ ಬೀದಿಗೆ ಬಂದಿಲ್ಲ. ಅಡುಗೆಮನೆಯ ಬಾಗಿಲ ಬಳಿ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಕೂತಿದ್ದಾಳೆ. ಎದುರಿನ ಮಂಚದಲ್ಲಿ ಕಂಬಳಿ ಹೊದ್ದ ಮುದುಕಿ. ಈ ಮನೆಯ ಪಾಠ ನೋಡಿ ಬರೆಯಲು ಬಂದ ನಾನು ಗೋಡೆಗೊರಗಿ ಕೂತಿದ್ದೇನೆ. ಒಲೆಯ ಪಕ್ಕದಲ್ಲಿ ಬೀನ್ಸಿನ ನಾರು ತೆಗೆಯುತ್ತಿರುವವರನ್ನು ಬಡಾವಣೆಯ ಮಕ್ಕಳೆಲ್ಲ ಕರೆಯುವುದು ‘ಪ್ರಬಂಧದಕ್ಕ’ ಎಂದು.

“ಹೇಳು. ನಮ್ಮತ್ತೆಗೆ ಕೇಳೋ ಹಾಗೆ ಹೇಳು.”

ಹುಡುಗಿ ಇಂಗ್ಲಿಷ್ ಪಾಠದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾಳೆ. ರೈಲ್ವೆ ಗೇಟು ಕಾಯುವವನೊಬ್ಬ, ಮಗುವಿಗೆ ಜ್ವರ ಏರಿದೆಯೆಂದು ಮನೆಯಿಂದ ಕರೆ ಬಂದರೂ ರೈಲು ದಾಟುವ ತನಕ ಕದಲುವುದಿಲ್ಲ. “ಅವನು ಕರ್ತವ್ಯನಿಷ್ಠೆಯ ಸಾಕಾರಮೂರ್ತಿ” ಎಂದು ಗೈಡಿನ ಮಾತು ಒಪ್ಪಿಸುವಷ್ಟರಲ್ಲಿ ಮಂಚದಿಂದ ಗೊರಕೆ.

“ಫೇಲು,” ಎನ್ನುತ್ತಾರೆ ಅಕ್ಕ, ತಲೆ ಎತ್ತದೆ. “ಮೊದಲಿಂದ ಹೇಳು.”

ಈ ಮನೆಯ ಕಟ್ಟಳೆಯೇ ಇದು. ಅತ್ತೆಗೆ ಇಂಗ್ಲಿಷಿನ ಗಂಧವಿಲ್ಲ. ಆದರೆ ಅವರು ನಿದ್ದೆಗೆ ಜಾರದೆ ಕೇಳಿಸಿಕೊಂಡರೆ ಮಾತ್ರ ಮಕ್ಕಳ ಕೈಗೆ ಪೆನ್ನು. ಬರೆದದ್ದರಲ್ಲಿ ತಪ್ಪಿದ್ದರೆ ಅಕ್ಕ ಕೆಳಗೆ ಗೆರೆ ಎಳೆಯುತ್ತಾರೆ. ತಿದ್ದುವುದು ಮಕ್ಕಳ ಪಾಲಿಗೆ.

ಹುಡುಗಿಯ ಮುಖದಲ್ಲಿ ಗಾಬರಿ ಇದೆ. ಈ ಪಾಠದ ಮೇಲೆ ಅವಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ‘ನಕಲು’ ಎಂದು ಶಾಲೆಯಲ್ಲಿ ಎರಡು ಸಲ ಹಿಂತಿರುಗಿಸಿದ್ದಾರೆ. ಇವತ್ತೂ ಒಪ್ಪದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. “ಪರೀಕ್ಷೆ ಇಲ್ಲ ಅಂದ್ರೆ ಅಪ್ಪ ಓದು ಬಿಡಿಸ್ತಾರೆ ಅಕ್ಕ,” ಎನ್ನುತ್ತಾಳೆ. ಅಪ್ಪ ಗೋದಾಮಿನ ರಾತ್ರಿ ಕಾವಲುಗಾರ.

ಅಕ್ಕನ ಓದು ಡಿಗ್ರಿಯ ನಡುವೆ ನಿಂತದ್ದು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಹಗಲೆಲ್ಲ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಲಸ. ಮಕ್ಕಳಿಗೆ ಬೆಳಗಿನ ಹೊತ್ತು.

“ಮೊದಲೆಲ್ಲ ನಾನೇ ಬರೆದುಕೊಡ್ತಿದ್ದೆ,” ಎನ್ನುತ್ತಾರೆ ನನ್ನ ಕಡೆ ತಿರುಗಿ. “ಒಂದ್ಸಲ ‘ನನ್ನ ಅಜ್ಜಿ’ ಅಂತ ಪ್ರಬಂಧ ಕೊಟ್ಟಿದ್ರು. ಒಬ್ಬೊಬ್ರೂ ಒಂದೊಂದು ದಿನ ಬಂದ್ರು. ಎಲ್ಲರಿಗೂ ನಮ್ಮತ್ತೆ ಬಗ್ಗೇನೇ ಬರೆದುಕೊಟ್ಟೆ. ನೋಡಿದ್ರೆ ಎಲ್ಲಾ ಒಂದೇ ಕ್ಲಾಸಿನವು! ಅರ್ಧ ಕ್ಲಾಸಿನ ಅಜ್ಜಿಯರಿಗೂ ಎಡಗಾಲು ಕುಂಟು.”

“ನನ್ನ ಕಾಲನ್ನ ಊರಿಗೆಲ್ಲ ಹಂಚಿದ್ಲು, ಪುಣ್ಯಾತ್ಗಿತ್ತಿ,” ಎಂದು ಕಂಬಳಿಯೊಳಗಿಂದ ಮಾತು. ಅತ್ತೆ ಎದ್ದಿದ್ದಾರೆ.

ಅಕ್ಕ ನಗುತ್ತಾರೆ. ಆದರೆ ಸೊನ್ನೆ ಬಿದ್ದದ್ದು ಮಕ್ಕಳಿಗೆ. ಅಂದಿನಿಂದ ಅವರು ಯಾರಿಗೂ ಒಂದು ಸಾಲು ಬರೆದುಕೊಟ್ಟಿಲ್ಲ.

ಹುಡುಗಿ ಮತ್ತೆ ಶುರು ಮಾಡುತ್ತಾಳೆ. ಈ ಸಲ ಗೈಡು ಮುಚ್ಚಿದೆ. ರೈಲು ದಾಟುತ್ತದೆ, ಗೇಟಿನವನು ಮನೆಗೆ ಓಡುತ್ತಾನೆ, ಕಥೆ ಮುಗಿಯುತ್ತದೆ.

“ಹೆಂಡ್ತಿ ಏನಂದ್ಲು?” ಅತ್ತೆ ಕೇಳುತ್ತಾರೆ.

“ಅದು ಪಾಠದಲ್ಲಿ ಇಲ್ಲ ಅಜ್ಜಿ.”

“ಪಾಠದಲ್ಲಿ ಇಲ್ಲ ಅಂತ ಹೆಂಡ್ತಿ ಸುಮ್ನಿರ್ತಾಳೇನೆ?”

ಹುಡುಗಿ ಮುಚ್ಚಿದ ಗೈಡಿನ ಕಡೆ ನೋಡುತ್ತಾಳೆ. ಆಮೇಲೆ ಒಂದೇ ಉಸಿರಿಗೆ, “ಬೈದಿರ್ತಾಳೆ. ಊರವರ ಬಾಗಿಲೆಲ್ಲಾ ಕಾಯ್ತೀಯ, ನಮ್ಮ ಬಾಗಿಲು ಯಾರು ಕಾಯಬೇಕು ಅಂತ. ಬೈದು, ಊಟಕ್ಕೆ ಹಾಕಿರ್ತಾಳೆ.”

ಅತ್ತೆ ಕಂಬಳಿ ಸರಿಸಿ ಎದ್ದು ಕೂರುತ್ತಾರೆ. “ಹೂಂ, ಆಮೇಲೆ?”

“ಪೆನ್ನು ತಗೋ,” ಎನ್ನುತ್ತಾರೆ ಅಕ್ಕ.

ಹುಡುಗಿ ನೆಲದ ಮೇಲೆ ಬಗ್ಗಿ ಬರೆಯುತ್ತಾಳೆ. ಮುಗಿಯುವಾಗ ಶಾಲೆಗೆ ಹೊತ್ತಾಗಿದೆ, ಅಕ್ಕನಿಗೆ ನೋಡಲೂ ಬಿಡುವಿಲ್ಲ. ಹಾಗೇ ಕಳಿಸುತ್ತಾರೆ. ಕಳಿಸಿ, ಬೀನ್ಸು ಹೆಚ್ಚುವಾಗ ಎರಡು ಸಲ ಬಾಗಿಲ ಕಡೆ ನೋಡುತ್ತಾರೆ.

ಸಂಜೆ ಅಕ್ಕನೂ ನಾನೂ ಅಂಗಡಿಯಿಂದ ಮರಳುವಾಗ ಹುಡುಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದಾಳೆ.

“ಇದನ್ನ ಎಲ್ಲಿಂದ ಇಳಿಸಿದೆ ಅಂತ ಮೇಡಂ ಕೇಳಿದ್ರು. ನಮ್ಮಮ್ಮ ಅಪ್ಪನಿಗೆ ಹೀಗೇ ಬೈತಾಳೆ ಮೇಡಂ ಅಂದೆ. ನಕ್ಕುಬಿಟ್ರು. ಪರೀಕ್ಷೆಗೆ ಕೂರು ಅಂದ್ರು.”

ಅಕ್ಕ ಹಾಳೆ ತೆಗೆದುಕೊಂಡು ಬೀದಿದೀಪದ ಕಡೆ ಹಿಡಿಯುತ್ತಾರೆ. ಕೆಂಪು ಶಾಯಿ ಬೀಳದ ಸಾಲು ಸಿಗುವುದು ಕಷ್ಟ. ಓದಿ ಮುಗಿಸಿ, ಅದನ್ನು ನನ್ನ ಮುಂದೆ ಚಾಚುತ್ತಾರೆ.

“ನೋಡಿ, ಎಷ್ಟೊಂದು ತಪ್ಪು! ಒಂದೂ ನನ್ನದಲ್ಲ.”